ಅಂಗಳದಲ್ಲಿ ಭತ್ತ ಬೇಯಿಸಿದ ಕಡೆಯ ದಿನ

ಮಕ್ಕಳೇ, ನಾನು ಚಿಕ್ಕವನಿದ್ದಾಗ ಬಸ್ರೂರಿನ ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡದು ಎಂದರೆ ಅಮ್ಮನ ದನಿ. ಮಧ್ಯಾಹ್ನ ಅಂಗಳದ ತುದಿಗೆ ಬಂದು "ಹ್ವಾಯ್, ಉಂಬುಕೆ ಬನಿ!" ಎಂದು ಅವಳು ಕೂಗಿದರೆ ಹೊಳೆಬದಿಯ ಗದ್ದೆಯಲ್ಲಿದ್ದ ಅಪ್ಪ ಹಾರೆ ಹೆಗಲಿಗೇರಿಸುತ್ತಿದ್ದರು. ಪಕ್ಕದ ಗದ್ದೆಯವರೂ ಕೈಕಾಲು ತೊಳೆದು ತಮ್ಮ ಮನೆಯ ದಾರಿ ಹಿಡಿಯುತ್ತಿದ್ದರು.

ಅಮ್ಮನಿಗೆ ಉಬ್ಬಸವಿತ್ತು. ಮಳೆಗಾಲದಲ್ಲಿ ಬರುತ್ತಿತ್ತು, ಬಿಸಿಲು ಬಂದಾಗ ಹೋಗುತ್ತಿತ್ತು. ಅದರ ಬಗ್ಗೆ ಯಾರೂ ಹೆಚ್ಚು ಯೋಚಿಸಿರಲಿಲ್ಲ.

ಅದು ಕೊಯ್ಲು ಮುಗಿದ ಮೇಲಿನ ಒಂದು ಬೆಳಿಗ್ಗೆ. ಕುಚ್ಚಲಕ್ಕಿಗಾಗಿ ಅಂಗಳದ ಮೂಲೆಯ ದೊಡ್ಡ ಹಂಡೆಯಲ್ಲಿ ಭತ್ತ ಬೇಯುತ್ತಿತ್ತು. ಭತ್ತ ಬಾಯಿಬಿಟ್ಟ ಕೂಡಲೇ ಬೆಂಕಿ ಎಳೆಯಬೇಕು. ಆ ಹೊತ್ತನ್ನು ಅಮ್ಮ ವಾಸನೆಯಲ್ಲೇ ಹಿಡಿಯುತ್ತಿದ್ದಳು. ಅದಕ್ಕಾಗಿ ಮತ್ತೆ ಮತ್ತೆ ಹಂಡೆಯ ಮೇಲೆ ಬಗ್ಗುತ್ತಿದ್ದಳು. ಭತ್ತದ ಹಬೆ ಉಬ್ಬಸದವರ ಎದೆಗೆ ಒಳ್ಳೆಯದು ಎಂದು ನಮ್ಮ ಕಡೆ ಎಲ್ಲರೂ ನಂಬಿದ್ದರು. ಅಪ್ಪನೂ ನಂಬಿದ್ದರು. ಹಬೆಯ ಕೆಳಗೆ ಹೊಗೆಯೂ ಇದೆ ಎಂಬುದು ಯಾರಿಗೂ ಹೊಳೆಯಲಿಲ್ಲ.

ಮೊದಲು ಬೆಂದ ಭತ್ತವನ್ನು ಅಕ್ಕ ಚಾಪೆಯ ಮೇಲೆ ಹರಡಿದಳು. ಕಾಗೆ ಓಡಿಸುವುದು ನನ್ನ ಕೆಲಸ. ನಾನು ಬಿಸಿ ಭತ್ತಕ್ಕೆ ಅಂಗಾಲು ತಾಗಿಸಿ ಆಡುತ್ತಿದ್ದೆ.

"ಎಂತಾ ಕಾಣ್ತಾ ನಿಂತಿದ್ದೆ? ಕಾಕಿ ನಿನ್ನನ್ನೇ ಹೊತ್ಕಂಡ್ ಹೋತ್ತ್ ಕಾಣ್!" ಎಂದು ಅಮ್ಮ ನಕ್ಕಳು.

ಎರಡನೆಯ ಸಲ ಹಂಡೆಯ ಕೆಳಗೆ ಉರಿಗೆ ಹಾಕಿದ ತೆಂಗಿನ ಮಡಲು ಹಸಿಯಾಗಿತ್ತು. ಹೊಗೆ ದಟ್ಟವಾಗಿ ಎದ್ದಿತು. ಅಮ್ಮ ಅದರೊಳಗೇ ಬಗ್ಗಿದಳು, ಕೆಮ್ಮಿದಳು, ಮತ್ತೆ ಬಗ್ಗಿದಳು. ಆಮೇಲೆ ಜಗಲಿಗೆ ಬಂದು ಕಂಬ ಹಿಡಿದು ಕುಳಿತಳು. ಉಸಿರೆಳೆದಾಗಲೆಲ್ಲ ಎದೆಯೊಳಗೆ ಸೀಟಿ ಊದಿದಂತಾಗುತ್ತಿತ್ತು.

ಊಟದ ಹೊತ್ತಿಗೆ ಎದ್ದು ಅಂಗಳದ ತುದಿಗೆ ಹೋದಳು. ಬಾಯಿ ತೆರೆದಳು. ದನಿ ಬರಲಿಲ್ಲ. ಮತ್ತೊಮ್ಮೆ ತೆರೆದಳು. ಅಕ್ಕ ಕೈಯಲ್ಲಿದ್ದ ಬುಟ್ಟಿ ಎಸೆದು ಗದ್ದೆಗೆ ಓಡಿದಳು. ಹಂಡೆಯಲ್ಲಿದ್ದ ಭತ್ತ ಬೆಂದು ಮುದ್ದೆಯಾಯಿತು.

ಕುಂದಾಪುರದ ಡಾಕ್ಟರು ಹೊಗೆ, ಧೂಳು ಎರಡೂ ಆಗದು ಎಂದರು. ಸೂಜಿ, ಔಷಧಿ ಶುರುವಾದವು. ಅಮ್ಮನಿಗಾಗಿ ಅಪ್ಪ ಮನೆಯ ಬದುಕನ್ನು ಸಣ್ಣದು ಮಾಡುತ್ತಾ ಬಂದರು. ಭತ್ತವನ್ನು ಬೇಯಿಸದೆ ಹಾಗೆಯೇ ಮಾರಿದರು. ಹುಲ್ಲಿನ ಧೂಳು ಬೇಡವೆಂದು, ಔಷಧಿಗೂ ಆಯಿತೆಂದು ದನವನ್ನೂ ಮಾರಿದರು. ಒಲೆ ಕೊಟ್ಟಿಗೆಗೆ ಹೋಯಿತು, ದಿನಕ್ಕೆ ಒಂದೇ ಸಲ ಉರಿಯಿತು. ಬೆಳಗಿನ ಗಂಜಿಯೇ ಸಂಜೆಗೂ, ಜೊತೆಗೆ ಉಪ್ಪಿನಕಾಯಿ. ಒಲೆಯ ಮುಂದೆ ಕೂರಲು ಅಕ್ಕ ಶಾಲೆ ಬಿಟ್ಟಳು.

ಅಮ್ಮ ಜಗಲಿಯಲ್ಲಿ ದಿಂಬಿಗೆ ಒರಗಿ ಇದೆಲ್ಲವನ್ನೂ ನೋಡುತ್ತಿದ್ದಳು. ಒಂದು ಸಂಜೆ, ಉಸಿರಿಗೆ ಉಸಿರು ಕೂಡಿಸಿಕೊಂಡು ಅಪ್ಪನಿಗೆ ಹೇಳಿದಳು, "ಎಲ್ಲ ಬಿಟ್ರಿ. ಇನ್ ಬಿಡುಕೆ ನಾನೊಬ್ಳೇ ಇಪ್ಪುದ್."

"ಸುಮ್ನಿರ್ ಮಾರಾಯ್ತಿ," ಎಂದ ಅಪ್ಪ ಅವಳ ಬೆನ್ನು ನೀವುತ್ತಲೇ ಇದ್ದರು. ಅವಳು ನಕ್ಕಳು, ಆದರೆ ಆ ನಗುವಿನಲ್ಲಿ ಸೀಟಿಯೇ ಹೆಚ್ಚಿತ್ತು. ಮುಂದಿನ ಮಳೆಗಾಲವನ್ನು ಅವಳು ದಾಟಲಿಲ್ಲ. ನಾವು ಬಿಟ್ಟದ್ದರಲ್ಲಿ ಯಾವುದೂ ಅವಳ ಉಸಿರನ್ನು ಹಿಡಿದು ನಿಲ್ಲಿಸಲಿಲ್ಲ.

ಮಕ್ಕಳೇ, ಈಗ ನಿಮ್ಮಲ್ಲಿ ಚಿಕ್ಕವಳಿಗೂ ಅದೇ ಉಬ್ಬಸ. ಶಾಲೆಯ ಚೀಲದಿಂದ ಔಷಧಿಯ ನೀಲಿ ಪಂಪು ತೆಗೆದು ಎರಡು ಸಲ ಎಳೆದುಕೊಳ್ಳುತ್ತಾಳೆ, ಸ್ವಲ್ಪ ಹೊತ್ತು ಕುಳಿತು ಮತ್ತೆ ಆಟಕ್ಕೆ ಓಡುತ್ತಾಳೆ. ಅವಳು ಓಡುವುದನ್ನು ನೋಡುವಾಗ ನನಗೆ ಆ ಜಗಲಿಯ ಕಂಬ ಕಾಣುತ್ತದೆ. ನೀವು ಒಬ್ಬರನ್ನೊಬ್ಬರು ಕೂಗುವುದನ್ನೂ ಮೊಬೈಲಿನಲ್ಲಿ ಹಿಡಿದಿಟ್ಟು ಕೇಳಿಸಿಕೊಂಡು ನಗುತ್ತೀರಿ. ನಮ್ಮ ಕಾಲದಲ್ಲಿ ಆ ಪಂಪೂ ಇರಲಿಲ್ಲ, ಈ ಮೊಬೈಲೂ ಇರಲಿಲ್ಲ.

ಅಮ್ಮ ಕೂಗಿದ ಹಾಗೆಯೇ ಕೂಗಿ ತೋರಿಸಲು ಬರುತ್ತಿದ್ದದ್ದು ಅಕ್ಕನಿಗೆ ಮಾತ್ರ. ನಾನು ಕೇಳಿದಾಗಲೆಲ್ಲ ಅಂಗಳಕ್ಕೆ ಇಳಿದು ಕೂಗುತ್ತಿದ್ದಳು. ಕಳೆದ ಬೇಸಿಗೆಯಲ್ಲಿ ಅವಳೂ ಹೋದಳು. ಅಮ್ಮ ಕೂಗಿದ ಮಾತು ನನಗೆ ನೆನಪಿದೆ. ಅವಳ ದನಿ ನೆನಪಿಲ್ಲ.