ಮುನಿವೆಂಕಟಮ್ಮನವರ ಕಿವಿ

ಜಂಗಮಕೋಟೆಯ ಮುನಿವೆಂಕಟಮ್ಮನವರ ಕಿವಿಗೆ ಯಾವ ದೋಷವೂ ಇರಲಿಲ್ಲ. ಇದೆ ಎಂದು ಹೇಳಿದವನು ನಾನು. ಗೊತ್ತಿದ್ದೂ ಹೇಳಿದೆ — ಅವರ ಮನೆಯ ಜಗುಲಿಯ ಮೇಲೆ ಕೂತು, ಅವರು ತರಿಸಿಕೊಟ್ಟ ಮಜ್ಜಿಗೆ ಕುಡಿದು ಹೇಳಿದೆ. ಆ ಸುಳ್ಳಿನ ಹಿಂದೆ ಒಂದು ಕಳ್ಳತನವಿತ್ತು. ಎರಡನ್ನೂ ಹನ್ನೆರಡು ವರ್ಷ ಮುಚ್ಚಿಟ್ಟುಕೊಂಡು ಶಿಡ್ಲಘಟ್ಟದ ಶಾಲೆಯಲ್ಲಿ ಮಕ್ಕಳಿಗೆ ಇತಿಹಾಸದ ಪಾಠ ಹೇಳಿದ್ದೇನೆ. ಮೊದಲೆಲ್ಲ ಕಳ್ಳತನವೇ ನನ್ನನ್ನು ಕೊರೆಯುತ್ತಿತ್ತು. ಸುಳ್ಳು ಅದಕ್ಕಿಂತ ದೊಡ್ಡದೆಂದು ತಿಳಿದದ್ದು ತೀರ ಈಚೆಗೆ.

ನನಗೆ ಹಳೆಯ ಕೈಗಡಿಯಾರಗಳ ಹುಚ್ಚು. ಹೊಸದು ಬೇಡ, ಯಾರದೋ ಮಣಿಕಟ್ಟಿನ ಮೇಲೆ ಸವೆದು, ಗಾಜಿನಲ್ಲಿ ಗೀರು ಬಿದ್ದು, ಬೆವರಿಗೆ ಬಣ್ಣ ಕೆಟ್ಟದ್ದಾಗಬೇಕು. "ಇರೋದು ಎರಡು ಕೈ, ಪೆಟ್ಟಿಗೇಲಿ ಹನ್ನೊಂದು ಗಡಿಯಾರ. ಮಿಕ್ಕಿದ್ದನ್ನ ಕಾಲಿಗೆ ಕಟ್ಕೊಳ್ತೀರಾ?" ಎಂದು ನನ್ನ ಹೆಂಡತಿ ಕೇಳುತ್ತಿದ್ದಳು. ರಿಪೇರಿ ಕಲಿತದ್ದು ಚಿಂತಾಮಣಿಯಲ್ಲಿ, ಬಸ್ ನಿಲ್ದಾಣದ ಹಿಂದಿನ ಬೀದಿಯ ಬಾಷಾ ಸಾಹೇಬರ ಬಳಿ. ಭಾನುವಾರ ಬಂತೆಂದರೆ ಬಸ್ಸು ಹತ್ತಿಬಿಡುತ್ತಿದ್ದೆ. ಗಡಿಯಾರ ಬಿಚ್ಚಿದವನು ಮುಚ್ಚಳದ ಒಳಮೈಯಲ್ಲಿ ಸೂಜಿಮೊನೆಯಿಂದ ತನ್ನದೊಂದು ಗುರುತು ಕೊರೆಯುವುದು ಆ ಕಸುಬಿನ ಪದ್ಧತಿ. "ಹೊಟ್ಟೆ ಬಿಚ್ಚೋಕ್ ಮುಂಚೆ ಬೆನ್ನು ಓದಿ ಮೇಷ್ಟ್ರೇ. ಯಾರ್ಯಾರ ಕೈ ದಾಟಿ ಬಂದದೆ ಅಂತ ಅದ್ರಲ್ಲೇ ಬರ್ದಿರ್ತದೆ" ಎನ್ನುತ್ತಿದ್ದರು ಸಾಹೇಬರು. ಇತಿಹಾಸದ ಮೇಷ್ಟ್ರಿಗೆ ಇನ್ನೇನು ಬೇಕು? ನಾನು ಅಲ್ಲೇ ಬಿದ್ದುಹೋದೆ.

ಸಾಹೇಬರಿಂದಲೇ ನಾನು ಒಂದು ಸತ್ತ ಗಡಿಯಾರವನ್ನು ತಂದಿದ್ದೆ. ಮೊದಲನೇ ಮಹಾಯುದ್ಧದ ಕಾಲದ್ದು. ಅದಕ್ಕೆ ಮುಂಚೆ ಗಂಡಸರೆಲ್ಲ ಜೇಬಿನಲ್ಲಿ ಸರಪಣಿಯ ಗಡಿಯಾರ ಇಟ್ಟುಕೊಳ್ಳುತ್ತಿದ್ದರು. ಮುಂಗೈಗೆ ಕಟ್ಟುವುದು ಹೆಂಗಸರ ಒಡವೆ ಎನಿಸಿಕೊಂಡಿತ್ತು. ಕಂದಕದಲ್ಲಿ ಬಂದೂಕು ಹಿಡಿದವನು ಜೇಬು ತಡಕುವುದು ಹೇಗೆ? ಜೇಬುಗಡಿಯಾರಕ್ಕೇ ಎರಡು ತಂತಿಯ ಕೊಂಡಿ ಬೆಸೆದು, ಚರ್ಮದ ಪಟ್ಟಿ ಪೋಣಿಸಿ, ಗಾಜಿನ ಮೇಲೊಂದು ಲೋಹದ ಜಾಲರಿ ಹಾಕಿ ಸಿಪಾಯಿಗಳು ಕೈಗೆ ಕಟ್ಟಿಕೊಂಡರು. ನನ್ನದು ಅಂಥದ್ದು. ಕವಚ, ಮುಖ, ಜಾಲರಿ ಎಲ್ಲ ಚೆನ್ನಾಗಿತ್ತು. ಒಳಗಿನ ಯಂತ್ರ ಮಾತ್ರ ಮುರಿದಿತ್ತು, ಅದರ ಬಿಡಿಭಾಗ ಎಲ್ಲೂ ಸಿಗುತ್ತಿರಲಿಲ್ಲ. ಮೂರು ವರ್ಷ ಹುಡುಕಿ ಕೈಬಿಟ್ಟಿದ್ದೆ.

ಕನ್ನಡ ನಾಡು ಒಂದಾದ ವರ್ಷ ಅದು. ಒಂದು ಸಂಜೆ ಮುನಿವೆಂಕಟಮ್ಮನವರ ಮಗ, ಜಂಗಮಕೋಟೆಯ ರೈತ ಪಿಳ್ಳಪ್ಪ ನನ್ನ ಮನೆಗೆ ಬಂದ. ಅವನ ಮಗಳು ಶಾಲೆಯಲ್ಲಿ ನನ್ನ ವಿದ್ಯಾರ್ಥಿನಿ. ಪಂಚೆಯ ಅಂಚಿನಿಂದ ಬಿಚ್ಚಿ ಮೇಜಿನ ಮೇಲಿಟ್ಟ — ಅದೇ ಗಡಿಯಾರ! ಅದೇ ತಯಾರಿಕೆ, ಅದೇ ಜಾಲರಿ. ಆದರೆ ಇದು ಬದುಕಿತ್ತು.

"ನಮ್ಮಪ್ಪಂದು ಸಾರ್. ಕುದುರೆ ದಳದಲ್ಲಿದ್ರಲ್ಲ, ಈಜಿಪ್ಟಿಂದ ತಂದಿದ್ದಂತೆ. ಗಂಡಸು ಕೈಗೆ ಬಳೆ ತೊಟ್ಕೊಂಡು ಬಂದ ಅಂತ ಊರೋರೆಲ್ಲ ನಗಾಡಿದ್ರಂತೆ. ಈಗ ವಸಿ ಹಿಂದಕ್ಕೆ ಬೀಳ್ತಾ ಐತೆ. ಅಮ್ಮ ಹಟ ಹಿಡಿದವ್ಳೆ, ಮೇಷ್ಟ್ರ ಹತ್ರಾನೇ ತೋರಿಸು ಅಂತ."

ಅವನು ಹೋದ ಮೇಲೆ ಹಿಂದಿನ ಮುಚ್ಚಳ ತೆಗೆದೆ. ಒಳಮೈಯಲ್ಲಿ ಐದು ಗುರುತುಗಳು. ಎರಡು ನನಗೆ ಓದಲು ಬಾರದ ಲಿಪಿಯಲ್ಲಿ, ಎರಡು ಇಂಗ್ಲಿಷಿನಲ್ಲಿ, ಕೊನೆಯದು ನಮ್ಮ ಬಾಷಾ ಸಾಹೇಬರದೇ. ಯಂತ್ರದಲ್ಲಿ ಚಕ್ರದ ಮೊನೆ ತಿರುಗುವ ಕಡೆಯೆಲ್ಲ ಕೆಂಪು ಕಲ್ಲು. ಕಿವಿಗಿಟ್ಟುಕೊಂಡೆ. ಮೆತ್ತಗೆ, ನಿದ್ದೆ ಹೋದ ಮಗುವಿನ ಎದೆಯ ಹಾಗೆ ಬಡಿಯುತ್ತಿತ್ತು. ತೊಳೆದು ಎಣ್ಣೆ ಹಾಕಿದರೆ ಸಾಕಿತ್ತು. ಅರ್ಧ ದಿನದ ಕೆಲಸ. ಹದಿನೈದು ದಿನ ಇಟ್ಟುಕೊಂಡೆ.

ಆ ಹದಿನೈದು ದಿನ ನನಗೆ ನಾನೇ ಏನೇನು ಹೇಳಿಕೊಂಡೆ — ಅವರು ರೇಷ್ಮೆಹುಳು ಸಾಕುವ ಹುಳುಮನೆಯ ತೇವದಲ್ಲಿ ಇದು ತುಕ್ಕು ಹಿಡಿದು ಹಾಳಾಗುತ್ತದೆ, ಇದರ ಬೆಲೆ ಬಲ್ಲವನ ಬಳಿ ಉಳಿಯಲಿ, ಆ ತಾಯಿಗೆ ಬೇಕಾದದ್ದು ಗಂಡನ ನೆನಪು ತಾನೇ, ನೆನಪಿಗೆ ಕವಚ ಸಾಲದೆ — ಬೇಡ. ಆಸೆಯಾಯಿತು, ಕದ್ದೆ. ಅವರ ಗಡಿಯಾರದ ಯಂತ್ರವನ್ನು ನನ್ನದರ ಕವಚಕ್ಕೆ ಸೇರಿಸಿದೆ. ಅವರ ಕವಚದೊಳಗೆ ಒಂದೂ ಕಲ್ಲಿಲ್ಲದ ಅಗ್ಗದ ಯಂತ್ರ ತುರುಕಿದೆ. ಮುಖದ ತಟ್ಟೆ ಅದಕ್ಕೆ ಹೊಂದದಿದ್ದಾಗ ತಟ್ಟೆಯ ಹಿಂದಿನ ಪುಟ್ಟ ಕಾಲುಗಳನ್ನು ಕತ್ತರಿಸಿ ಅಂಟು ಹಾಕಿ ಕೂರಿಸಿದೆ. ಹಳೆಯದನ್ನು ಪ್ರೀತಿಸುತ್ತೇನೆಂದು ಹೇಳಿಕೊಳ್ಳುವ ಯಾರೂ ಆ ಕಾಲುಗಳಿಗೆ ಕತ್ತರಿ ಇಡುವುದಿಲ್ಲ. ಮುಚ್ಚಳದಲ್ಲಿ ನನ್ನ ಗುರುತು ಕೊರೆಯಲಿಲ್ಲ. ಕೈ ಬರಲಿಲ್ಲ.

ಗಡಿಯಾರ ಕೊಡಲು ನಾನೇ ಹೋದೆ. ಮುನಿವೆಂಕಟಮ್ಮನವರಿಗೆ ಆಗ ಅರವತ್ತರ ಹತ್ತಿರ. ಎರಡೂ ಕಣ್ಣಿಗೆ ಪೊರೆ ಬಂದು ಬೆಳಕು ನೆರಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಆದರೂ ಆ ಮನೆಯ ಹುಳುಮನೆ ನಡೆಯುತ್ತಿದ್ದದ್ದು ಅವರಿಂದ. ನಾಲ್ಕನೇ ಜ್ವರ — ರೇಷ್ಮೆಹುಳು ನಾಲ್ಕನೇ ಸಲ ಪೊರೆ ಬಿಡುವುದಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ — ಕಳೆದು ಎದ್ದ ಹುಳುಗಳು ಸೊಪ್ಪು ಮೇಯುವಾಗ ಗರಿಯ ಸೂರಿನ ಮೇಲೆ ತುಂತುರು ಬಿದ್ದಂಥ ಸದ್ದು ಬರುತ್ತದೆ. ಬಾಗಿಲಲ್ಲಿ ನಿಂತು ಆ ಸದ್ದು ಕೇಳಿಯೇ ಅವರು ಯಾವ ತಟ್ಟೆಗೆ ಸೊಪ್ಪು ಸಾಲದು, ಯಾವ ತಟ್ಟೆಯ ಹುಳು ಸೊರಗಿದೆ ಎಂದು ಹೇಳುತ್ತಿದ್ದರಂತೆ. ಅಕ್ಕಪಕ್ಕದವರೂ ಅವರನ್ನು ಕರೆದುಕೊಂಡು ಹೋಗಿ ತಮ್ಮ ಹುಳುಮನೆಯಲ್ಲಿ ನಿಲ್ಲಿಸಿ ಕೇಳುತ್ತಿದ್ದರು. ಕಣ್ಣು ಹೋದ ಆ ಹೆಂಗಸಿಗೆ ಮನೆಯಲ್ಲಿ, ಊರಲ್ಲಿ ಇದ್ದ ಜಾಗವೆಲ್ಲ ಆ ಎರಡು ಕಿವಿಯಿಂದ.

ಅವರು ಗಡಿಯಾರವನ್ನು ಕೈಗೆ ತೆಗೆದುಕೊಂಡು ಜಾಲರಿಯ ಮೇಲೆ ಬೆರಳಾಡಿಸಿದರು. ಅಂಚಿನಲ್ಲಿದ್ದ ತಗ್ಗೊಂದನ್ನು ಮುಟ್ಟಿ ನಕ್ಕರು. ಆಮೇಲೆ ಕಿವಿಗಿಟ್ಟುಕೊಂಡರು. ನಗು ನಿಂತಿತು.

"ಮೇಷ್ಟ್ರೇ, ಮೈ ನಮ್ ಯಜಮಾನ್ರದೇ. ಉಸಿರು ಬೇರೆ ಯಾರದೋ."

"ಕೊಳೆ ತೆಗೆದಿದ್ದೀನಲ್ಲಮ್ಮ, ಅದಕ್ಕೇ ಸದ್ದು ಬದಲಾಗಿದೆ" ಎಂದೆ.

"ಇಲ್ಲ ಕಣಪ್ಪ. ಇದು ಬಡ್ಕೊಳ್ತಾ ಐತೆ. ಅವ್ರದು ಹಿಂಗೆ ಬಡ್ಕೊಳ್ತಿರ್ಲಿಲ್ಲ. ಮೂವತ್ತೈದು ವರ್ಷ ತಲೆದಿಂಬಿನ ಕೆಳಗೆ ಕೇಳಿದೀನಿ."

ಪಿಳ್ಳಪ್ಪ ನನ್ನ ಮುಖ ನೋಡಿದ. ಸೊಸೆ ಬಾಗಿಲಿಗೆ ಬಂದು ನಿಂತಳು. ಇನ್ನೊಂದು ಮಾತು ಬೆಳೆದರೆ ಮುಚ್ಚಳ ಬಿಚ್ಚಿ ಎನ್ನುತ್ತಾರೆ — ನಾನು ಪಿಳ್ಳಪ್ಪನ ಕಡೆ ತಿರುಗಿ, ಶಾಲೆಯಲ್ಲಿ ಪಾಠ ಹೇಳುವ ಅದೇ ದನಿಯಲ್ಲಿ ಹೇಳಿದೆ:

"ಅಮ್ಮನಿಗೆ ವಯಸ್ಸಾಯ್ತಲ್ಲ ಪಿಳ್ಳಪ್ಪ. ಕಿವಿ ಕೆಡೋವಾಗ ಹೀಗೇ, ಇಲ್ಲದ ಸದ್ದೆಲ್ಲ ಕೇಳಿಸುತ್ತೆ. ಅವರ ಮಾತು ಮನಸ್ಸಿಗೆ ಹಚ್ಕೋಬೇಡಿ."

ಮೇಷ್ಟ್ರು ಹೇಳಿದ ಮೇಲೆ ಮುಗಿಯಿತು. ಮುನಿವೆಂಕಟಮ್ಮನವರು ಗಡಿಯಾರವನ್ನು ಇನ್ನೊಂದು ಕಿವಿಗೆ ಇಟ್ಟು ನೋಡಿದರು, ಮತ್ತೆ ಮೊದಲಿನ ಕಿವಿಗೆ. ಆಮೇಲೆ ಮಡಿಲಲ್ಲಿಟ್ಟುಕೊಂಡು, "ಇದ್ದರೂ ಇರಬೌದು" ಎಂದರು. ಆ "ಇದ್ದರೂ ಇರಬೌದು" ಎನ್ನುವ ಮಾತು ಇವತ್ತಿಗೂ ನನ್ನನ್ನು ಊಟದ ನಡುವೆ ನಿಲ್ಲಿಸಿಬಿಡುತ್ತದೆ.

ಎರಡು ತಿಂಗಳ ಮೇಲೆ ಪಿಳ್ಳಪ್ಪ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹತ್ತಿರ ಸಿಕ್ಕ. ಬೆಳೆ ಪೂರ್ತಿ ಹೋಯಿತೆಂದ. ಗೂಡು ಕಟ್ಟುವ ಮುಂಚೆಯೇ ರೋಗ ಹರಡಿ ಹುಳುವೆಲ್ಲ ಕಪ್ಪಾಗಿ ಸತ್ತವಂತೆ.

"ಅಮ್ಮ ನಾಕು ದಿನ ಮುಂಚೇನೇ ಅಂದ್ಳು ಸಾರ್, ಮೂಲೆ ತಟ್ಟೆ ಸದ್ದು ಸರಿಯಿಲ್ಲ, ಅದನ್ನ ಬೇರೆ ಮಾಡಿ ಅಂತ. ನಾನು, ಮೇಷ್ಟ್ರು ಹೇಳಿಲ್ವಾ ನಿನ್ ಕಿವಿ ಕೆಟ್ಟೈತೆ ಅಂತ, ಸುಮ್ನಿರಮ್ಮ, ಅಂದೆ. ಅವ್ಳೂ ಸುಮ್ನಾಗ್ಬಿಟ್ಳು. ಕತ್ಲಲ್ಲಿ ಕಲ್ಲು ಹೊಡೆದಂಗೆ ಏನೋ ಅಂದಿದ್ಳು, ಅಷ್ಟೇ ಬಿಡಿ."

ಅಲ್ಲಿ ಹೇಳಬಹುದಿತ್ತು. ಬೀದಿಯಲ್ಲಿ, ಅಷ್ಟು ಜನರ ನಡುವೆ — ಬೇಡ, ಅವನನ್ನು ಪಕ್ಕಕ್ಕೆ ಕರೆದಾದರೂ ಹೇಳಬಹುದಿತ್ತು. "ಮುಂದಿನ ಬೆಳೆ ಚೆನ್ನಾಗಾಗುತ್ತೆ ಬಿಡಿ" ಎಂದು ಬೆನ್ನು ತಟ್ಟಿ ಕಳಿಸಿದೆ. ಅವತ್ತಿನಿಂದ ಮುನಿವೆಂಕಟಮ್ಮನವರು ಹುಳುಮನೆಯ ಬಾಗಿಲಿಗೆ ಹೋಗಲಿಲ್ಲವೆಂದು, ಅಕ್ಕಪಕ್ಕದವರು ಕರೆದರೂ "ನನ್ನ ಕಿವಿ ನಂಬಬೇಡ್ರಪ್ಪ" ಎನ್ನುತ್ತಿದ್ದರೆಂದು ಆಮೇಲೆ ತಿಳಿಯಿತು.

ಕದ್ದ ಯಂತ್ರದ ಗಡಿಯಾರವನ್ನು ಒಮ್ಮೆ ಬಾಷಾ ಸಾಹೇಬರಿಗೆ ತೋರಿಸಿದೆ. ಏಕೆ ತೋರಿಸಿದೆನೋ — ಜಂಬವೇ ಇರಬೇಕು. ಸಾಹೇಬರು ಭೂತಗಾಜು ಕಣ್ಣಿಗಿಟ್ಟು ಬಹಳ ಹೊತ್ತು ನೋಡಿದರು. ತಾವೇ ಎಣ್ಣೆ ಹಾಕಿದ ಯಂತ್ರ ಅವರಿಗೆ ಗುರುತು ಸಿಗದೆ ಇರುತ್ತದೆಯೇ? ಮುಚ್ಚಿ ನನ್ನ ಕೈಗಿಟ್ಟು, "ಕಟ್ಕೋಬೇಡಿ ಮೇಷ್ಟ್ರೇ" ಎಂದರು. ಮುಂದಿನ ಭಾನುವಾರ ನಾನು ಚಿಂತಾಮಣಿಗೆ ಹೋಗಲಿಲ್ಲ, ಆಮೇಲೂ ಹೋಗಲಿಲ್ಲ. ಗಡಿಯಾರವನ್ನು ಕಟ್ಟಿಕೊಳ್ಳಲೂ ಇಲ್ಲ.

ಹೋದ ತಿಂಗಳು ಪಿಳ್ಳಪ್ಪ ಕಿರಿಯ ಮಗಳ ಮದುವೆಗೆ ಕರೆಯಲು ಬಂದ. ಕುಂಕುಮ ಹಚ್ಚಿದ ಕಾಗದ ಕೊಟ್ಟು, ಹೊರಡುವಾಗ ಹೇಳಿದ: "ಅಮ್ಮನಿಗೆ ಈಗ ಪೂರ್ತಿ ಕಿವುಡು ಸಾರ್. ನೀವು ಆಗ್ಲೇ ಕಂಡು ಹೇಳಿದ್ರಿ. ಓದಿದೋರು ಓದಿದೋರೇ." ನಿಜವಾಗಿಯೂ ಗೌರವದಿಂದ ಹೇಳಿದ. ಅವನು ಗೇಟು ದಾಟುವ ತನಕ ನಿಂತಿದ್ದು, ಒಳಗೆ ಬಂದು ಪೆಟ್ಟಿಗೆ ತೆಗೆದೆ.

ಮದುವೆ ಮುಗಿಯಲೆಂದು ಕಾದೆ. ಅವರ ಮನೆಯ ಸಂತೋಷವನ್ನೂ ಕೆಡಿಸುವುದು ಬೇಡವೆನಿಸಿತು; ಅದೂ ಹೇಡಿತನವೇ ಇರಬಹುದು. ಕಳೆದ ಭಾನುವಾರ ಬೆಳಗಿನ ಬಸ್ಸಿಗೆ ಜಂಗಮಕೋಟೆಗೆ ಹೋದೆ. ಪಿಳ್ಳಪ್ಪನಿಂದ ಅವರ ಗಡಿಯಾರ ಕೇಳಿ ತೆಗೆದುಕೊಂಡು, ಅವನ ಕಣ್ಣೆದುರಿಗೇ ಮುಚ್ಚಳ ಬಿಚ್ಚಿ, ನನ್ನ ಜೇಬಿನಲ್ಲಿದ್ದ ಯಂತ್ರವನ್ನು ಅದರದೇ ಕವಚಕ್ಕೆ ಹಿಂದಿರುಗಿಸಿದೆ. ಬಾಷಾ ಸಾಹೇಬರ ಗುರುತಿನ ಕೆಳಗೆ ನನ್ನ ಹೆಸರಿನ ಮೊದಲಕ್ಷರ ಕೊರೆದೆ. ವಕ್ರವಾಗಿ ಬಂತು. ಕೆಲಸ ಮಾಡುತ್ತಲೇ ನಡೆದದ್ದನ್ನೆಲ್ಲ ಹೇಳಿದೆ.

ಗಡಿಯಾರವನ್ನು ಮುನಿವೆಂಕಟಮ್ಮನವರ ಕೈಯಲ್ಲಿಟ್ಟೆ. ತಗ್ಗನ್ನು ಮುಟ್ಟಿ ಗುರುತಿಸಿದರು. ಅಭ್ಯಾಸಬಲದಿಂದ ಕಿವಿಗಿಟ್ಟುಕೊಂಡರು. ಏನೂ ಕೇಳಿಸದೆ ಕೆಳಗಿಳಿಸಿದರು.

"ಅಮ್ಮಾ, ನಿಮ್ಮ ಕಿವಿ ಸರಿಯಾಗಿತ್ತು. ನಾನು ಸುಳ್ಳು ಹೇಳಿದೆ" ಎಂದೆ. ಅವರಿಗೆ ಕೇಳಿಸಲಿಲ್ಲ. ಜೋರಾಗಿ ಹೇಳಿದೆ. ಮೂರನೇ ಸಲ ಕೂಗಿಯೇಬಿಟ್ಟೆ. ಎದುರು ಮನೆಯವರು ಆಚೆ ಬಂದು ನಿಂತರು. ಅವರಿಗೆಲ್ಲ ಕೇಳಿಸಿತು. ಕೊನೆಗೆ ಪಿಳ್ಳಪ್ಪನೇ ತಾಯಿಯ ಕಿವಿಗೆ ಬಾಯಿಟ್ಟು ಹೇಳಿದ: "ಅವತ್ತು ನಿನ್ ಕಿವಿ ಸರೀಗೇ ಇತ್ತಂತಮ್ಮಾ. ಗಡಿಯಾರಾನೇ ಬದಲಾಗಿತ್ತಂತೆ. ನೀನಂದಿದ್ದೇ ದಿಟ."

ಬೈಯುತ್ತಾರೆಂದು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಮುಖ ಎತ್ತಿದ್ದು ನನ್ನ ಕಡೆಗಲ್ಲ, ಮಗನ ಕಡೆಗೆ.

"ಹಂಗಾರೆ... ಆ ಮೂಲೆ ತಟ್ಟೆ?"

ಪಿಳ್ಳಪ್ಪ ತಲೆ ತಗ್ಗಿಸಿದ. ಉತ್ತರ ಕೊಡಬೇಕಾದವನು ಅವನಲ್ಲ. ನಾನು ಅವರ ಪಕ್ಕ ಕೂತು, ಕಿವಿಯ ಹತ್ತಿರ ಬಾಗಿ, "ಅದೂ ಸರಿಯಾಗಿತ್ತಮ್ಮ" ಎಂದು ಕೂಗಿದೆ. ಕೇಳಿಸಿತೋ ಇಲ್ಲವೋ. ಅವರು ಗಡಿಯಾರವನ್ನು ಮಡಿಲಲ್ಲಿಟ್ಟುಕೊಂಡು, ಹುಳುಮನೆಯ ಬಾಗಿಲಿದ್ದ ಕಡೆಗೆ ತಿರುಗಿ ಕೂತರು.