ದಾದಾ ಎದ್ದು ಕೆಳಗೆ ಕೂತ ಸಂಜೆ

ಆಗೆಲ್ಲ ರಂಜಾನ್ ಬೇಸಿಗೆಯ ಹೊಸ್ತಿಲಲ್ಲಿ ಬರುತ್ತಿತ್ತು. ತೊಂಬತ್ತರ ದಶಕದ ಶುರುವಿನ ವರ್ಷಗಳು. ಕವಲಂದೆಯ ನಮ್ಮ ಬೀದಿಯಲ್ಲಿ ಸಂಜೆಯಾದರೆ ಪುದೀನ ಬೆರೆತ ಗಂಜಿಯ ವಾಸನೆ. ನಾವು ಹುಡುಗಿಯರು ಕುಂಟೆಬಿಲ್ಲೆ ಬಿಟ್ಟು ಮಸೀದಿಗೆ ಗಂಜಿ ಹೊತ್ತು ಓಡುತ್ತಿದ್ದೆವು.

ನನ್ನ ದಾದಾ, ಅಂದರೆ ಅಪ್ಪನ ಅಪ್ಪ, ಆ ಮಸೀದಿಯ ಆಡಳಿತ ನೋಡಿಕೊಳ್ಳುವ ಮುತವಲ್ಲಿ. ಬೀದಿಯ ಜಗಳಗಳೂ ಅವರ ಮುಂದೆಯೇ ತೀರುತ್ತಿದ್ದವು. ಆ ವರ್ಷ ನನ್ನ ಚಿಕ್ಕಪ್ಪ ಹೊಸ ಮನೆಗೆ ಕಾಂಪೌಂಡ್ ಎಬ್ಬಿಸುವಾಗ ಪಕ್ಕದ ಸಿದ್ದಮ್ಮನ ಕೊಟ್ಟಿಗೆಯ ದಾರಿಯನ್ನೂ ಒಳಗೆ ಸೇರಿಸಿಕೊಂಡಿದ್ದರು. ಸಿದ್ದಮ್ಮ ಒಂಟಿ ಹೆಂಗಸು, ಸೊಂಟನೋವಿನವಳು. ಹುಲ್ಲಿನ ಹೊರೆ ಹೊತ್ತು ಕೆರೆ ಏರಿ ಬಳಸಿ ಬರಬೇಕಾಯಿತು. ಒಂದು ಸಂಜೆ ಮಸೀದಿಯ ಮೆಟ್ಟಿಲ ಹತ್ತಿರ ಬಂದು ಕೂತಳು.

"ಸಾಬ್ರೇ, ನಾನ್ ಎಲ್ಲಿಂದ ಓಗ್ಲಿ ನೀವೇ ಏಳಿ," ಎಂದಳು.

ಮಸೀದಿಯ ಜಗಲಿಯ ಮೇಲೆ ದಾದಾನ ಜೊತೆ ಕೂತಿದ್ದ ಹಿರಿಯರು ಅವರ ಮುಖ ನೋಡಿದರು. ಚಿಕ್ಕಪ್ಪ ಅಲ್ಲೇ ನಿಂತಿದ್ದರು. ದಾದಾ ತಮ್ಮ ಜಾಗದಿಂದ ಎದ್ದು, ಕೆಳಗಿಳಿದು, ಸಿದ್ದಮ್ಮ ಕೂತಿದ್ದ ಮೆಟ್ಟಿಲ ಮೇಲೇ ಕೂತರು. "ಅವ್ನು ನನ್ ಮಗ. ಇವತ್ತು ನ್ಯಾಯ ನಾನ್ ಹೇಳೋ ಹಂಗಿಲ್ಲ, ನೀವ್ ಹೇಳಿ," ಎಂದು ಹಿರಿಯರಿಗೆ ಬಿಟ್ಟುಕೊಟ್ಟರು. ಗೋಡೆ ಬೀಳಬೇಕೆಂದು ತೀರ್ಮಾನವಾಯಿತು.

ಮರುದಿನ ಕೆಡವಲು ಯಾರೂ ಮುಂದಾಗಲಿಲ್ಲ. ಉಪವಾಸದಲ್ಲಿದ್ದ ದಾದಾ ತಾವೇ ಹಾರೆ ಹಿಡಿದು ಇಟ್ಟಿಗೆ ಕಿತ್ತರು. ತುಟಿ ಒಣಗಿ ಬೆಳ್ಳಗಾಗಿತ್ತು. ಯಾಕೆ ಹೀಗೆ ಎಂದು ನಾನು ಅಳುತ್ತ ಕೇಳಿದಾಗ, ಮುತವಲ್ಲಿ ಅನ್ನುವ ಹೆಸರು ತಮ್ಮ ಸ್ವತ್ತಲ್ಲ, ಅಲ್ಲಾಹ್ ಇಟ್ಟುಕೊಂಡಿರು ಎಂದು ಕೊಟ್ಟ ಅಮಾನತ್ತು, ಕೇಳಿದ ದಿನ ಕೊಳೆ ಹತ್ತದ ಹಾಗೆ ಹಿಂದಿರುಗಿಸಬೇಕು ಎಂದು ನಮ್ಮ ಮನೆಯ ಉರ್ದುವಿನಲ್ಲಿ ಹೇಳಿದರು.

ಆ ರಂಜಾನ್ ಮುಗಿಯುವವರೆಗೂ ಚಿಕ್ಕಪ್ಪ ನಮ್ಮ ಮನೆಗೆ ಇಫ್ತಾರಿಗೆ ಬರಲಿಲ್ಲ. ದಾದಾ ಖರ್ಜೂರ ಕೈಯಲ್ಲಿ ಹಿಡಿದು ಬಾಗಿಲ ಕಡೆಯೇ ನೋಡುತ್ತಿದ್ದರು. ಈದ್ ದಿನ ನಮಾಜ್ ಮುಗಿದೊಡನೆ, ಯಾರ ಮಾತಿಗೂ ಕಾಯದೆ, ತಾವೇ ಮಗನ ಮನೆಗೆ ನಡೆದರು. ಹಿಂದೆ ನಾನಿದ್ದೆ. ಬಾಗಿಲಲ್ಲಿ ದಾದಾ ತೋಳು ಚಾಚಿದರು. ಚಿಕ್ಕಪ್ಪ ಅಪ್ಪಿಕೊಂಡು ಮಗುವಿನ ಹಾಗೆ ಅತ್ತರು.

ದಾದಾ ಹೋಗಿ ಎಷ್ಟೋ ವರ್ಷಗಳಾದವು. ನನ್ನ ಪರವಾಗಿ ಮಾತಾಡುವವರು ಈಗ ಬೇಕಾದಷ್ಟು ಜನ ಇದ್ದಾರೆ. ನನ್ನದೇ ತಪ್ಪಿದ್ದಾಗ ಎದುರಿನವರ ಪಕ್ಕ ಹೋಗಿ ಕೂತು, ಆಮೇಲೆ ನನ್ನ ಬಾಗಿಲಿಗೂ ಬರುವ ಒಬ್ಬರು ಮಾತ್ರ ಇಲ್ಲ.