ತಮ್ಮನಿಗೆ ಔಟ್ ಕೊಟ್ಟ ಅಕ್ಕ

ನಮ್ಮ ಬೇಸ್‌ಬಾಲ್ ವಲಯದಲ್ಲಿ ಆಟ ಬಲ್ಲವರು ಅನೇಕರಿದ್ದಾರೆ. ನಿಯಮದ ಜೊತೆಗೆ ಅದು ಕಾಯುವ ಆಟಗಾರರ ಮೈಮೂಳೆಯನ್ನೂ ಬಲ್ಲವರು ವಿರಳ. ಮೂವತ್ತೊಂದು ವರ್ಷ ಅಂಪೈರಾಗಿ ದುಡಿದು ಈಗ ನಿವೃತ್ತರಾಗುತ್ತಿರುವ, ನಮಗೆಲ್ಲ ‘ಅಂಪೈರ್ ಅಕ್ಕ’ ಎಂದೇ ಪರಿಚಿತರಾದ ಹಿರಿಯರು ಅಂಥ ವಿರಳರಲ್ಲೊಬ್ಬರು.

ವಾರವಿಡೀ ಅಂಚೆ ಕಚೇರಿಯಲ್ಲಿ ಪಾರ್ಸಲ್ ತೂಗಿ, ರಜಾದಿನ ಮೈದಾನಕ್ಕಿಳಿಯುತ್ತಿದ್ದ ಅವರನ್ನು ಮೊದಮೊದಲು ಆಟಗಾರರು ಲಘುವಾಗಿ ಕಂಡದ್ದುಂಟು. ಒಂಬತ್ತನೆಯ ವರ್ಷದ ಫೈನಲ್ ಪಂದ್ಯ ಅದನ್ನು ಬದಲಿಸಿತು. ನಿಗದಿಯಾಗಿದ್ದ ಅಂಪೈರ್ ಜ್ವರದಿಂದ ಮಲಗಿದ್ದರಿಂದ ಎರಡೂ ತಂಡಗಳು ಒಪ್ಪಿ ಅಕ್ಕನನ್ನು ಕರೆದವು. ನಮ್ಮ ಎದುರಾಳಿ ತಂಡದಲ್ಲಿ ಅವರ ಸ್ವಂತ ತಮ್ಮನಿದ್ದ. ನಾನು ಎರಡನೇ ಬೇಸ್ ಕಾಯುತ್ತಿದ್ದೆ.

ಕೊನೆಯ ಇನ್ನಿಂಗ್ಸ್, ನಾವು ಒಂದು ರನ್ ಮುಂದೆ, ಅವರಲ್ಲಿ ಒಬ್ಬ ಔಟ್; ಇನ್ನಿಬ್ಬರು ಔಟಾದರೆ ಗೆಲುವು ನಮ್ಮದು. ಮೂರನೇ ಬೇಸಿನಲ್ಲಿ ಒಬ್ಬ, ಮೊದಲನೆಯದರಲ್ಲಿ ತಮ್ಮ. ಬ್ಯಾಟಿಗೆ ತಾಗಿ ನೆಲಕ್ಕೆ ಬಿದ್ದ ಚೆಂಡು ನನ್ನ ಕೈಸೇರಿತು, ತಮ್ಮ ಓಡಿ ತಲುಪುವ ಮುನ್ನವೇ ಎರಡನೇ ಬೇಸ್ ಮುಟ್ಟಿ ತಮ್ಮನನ್ನು ಔಟ್ ಮಾಡಿದೆ. ಬ್ಯಾಟ್ಸ್‌ಮನ್ನನ್ನೂ ಔಟ್ ಮಾಡಲು ಚೆಂಡೆಸೆಯುವಷ್ಟರಲ್ಲಿ, ತಮ್ಮ ಬೇಸಿನತ್ತ ಜಾರುವುದು ಬಿಟ್ಟು ನೇರ ನನ್ನ ಕಾಲಿಗೇ ಜಾರಿ ಬಂದ. ನನ್ನ ಪಾದದ ಕೀಲು ಲಟಕ್ಕೆಂದಿತು, ಚೆಂಡು ಎಲ್ಲಿಗೋ ಹಾರಿತು, ಮೂರನೇ ಬೇಸಿನವನು ಓಡಿ ರನ್ ಗಳಿಸಿದ. ರನ್ ಸಮವಾಯಿತೆಂದು ಅವರ ತಂಡ ಕುಣಿಯತೊಡಗಿತು.

ಅಕ್ಕ ಕೈ ಎತ್ತಿದರು. ತಮ್ಮ ಅಡ್ಡಿಪಡಿಸಿದ್ದಕ್ಕಾಗಿ ಬ್ಯಾಟ್ಸ್‌ಮನ್ನೂ ಔಟ್; ರನ್ ಇಲ್ಲ; ಪಂದ್ಯ ಮುಗಿಯಿತು.

“ಅಕ್ಕಾ! ನಾನು ಬೇಸ್‌ಗೇ ಜಾರಿದ್ದು!”

“ನಿನ್ನ ಕೈಗೂ ಬೇಸ್ ಎಟುಕ್ತಿರ್ಲಿಲ್ಲ, ಕಾಲಿಗೂ ಎಟುಕ್ತಿರ್ಲಿಲ್ಲ. ನೀನು ಹೋಗಿದ್ದು ಅವನ ಕಾಲಿಗೆ. ಇಲ್ಲಿ ನಾನು ಅಕ್ಕ ಅಲ್ಲ, ಆಚೆ ನಡಿ.”

ಅಂದು ಸಂಜೆ ಮೂಳೆ ವೈದ್ಯರ ಬೆಂಚಿನ ಮೇಲೆ ನನ್ನ ಪಕ್ಕ ಕುಳಿತಿದ್ದವರು ಅವರೇ. ಎಕ್ಸ್‌ರೇ ಬರುವವರೆಗೂ ಕದಲಲಿಲ್ಲ. “ಆ ಕೈ ಎತ್ತೋದು ಸುಲಭ ಇರ್ಲಿಲ್ಲ ಕಣೋ,” ಎಂದರು. “ಎತ್ತದೇ ಇದ್ದಿದ್ರೆ ಜೀವನ ಪೂರ್ತಿ ನಿನ್ನ ಈ ಕಾಲೇ ಕಣ್ಮುಂದೆ ಬರ್ತಿತ್ತೇನೋ.”

ಮನೆಯಲ್ಲಿ ತಮ್ಮ ಎಂಟು ತಿಂಗಳು ಮಾತು ಬಿಟ್ಟ. “ಅಮ್ಮಾ, ಉಪ್ಪು ಕೊಡೋಕೆ ಹೇಳು ಅಂಪೈರಿಗೆ,” ಎನ್ನುತ್ತಿದ್ದನಂತೆ. “ಇವಳೊಬ್ಬಳು ಅಂಚೆ ಕಚೇರೀಲಿ ಇರೋದು ಸಾಲದು ಅಂತ ನನ್ನನ್ನೂ ಪೋಸ್ಟ್‌ಮ್ಯಾನ್ ಮಾಡಿದಾರೆ,” ಎಂದು ಆ ತಾಯಿ ನನ್ನೆದುರು ಗೊಣಗುತ್ತ ಕಣ್ಣೊರೆಸಿಕೊಂಡಿದ್ದರು.

ಆ ಎಂಟು ತಿಂಗಳ ಕೊನೆಗೆ, ನಾನು ಕಾಲಿಗೆ ಪಟ್ಟಿ ಸುತ್ತಿಕೊಂಡು ಅಭ್ಯಾಸಕ್ಕೆ ಮರಳಿದ ಮೊದಲ ದಿನ ತಮ್ಮ ಬಂದ. ನನ್ನ ಕಾಲನ್ನೇ ನೋಡುತ್ತ, “ತಪ್ಪಾಯ್ತು. ಸರಿಯಾಗಿ ಜಾರ್ತೀನಾ ನೋಡು,” ಎಂದ. ನಾಲ್ಕು ಬಾರಿ ಜಾರಿದ. ದೂರದಲ್ಲಿ ಮೈದಾನದ ಗೆರೆ ಎಳೆಸುತ್ತಿದ್ದ ಅಕ್ಕ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ನಾಲ್ಕನೆಯ ಸಲ ಬೇಸ್ ಹಿಡಿದು ಮಲಗಿದ್ದವನು ಅವರತ್ತ ತಿರುಗಿ, “ಈಗ?” ಎಂದ.

ಔಟಲ್ಲ ಎಂದು ಅಂಪೈರುಗಳು ಮಾಡುವ ಸನ್ನೆಯಂತೆ ಅಕ್ಕ ಎರಡೂ ತೋಳು ಅಗಲಿಸಿದರು. “ಸೇಫ್. ಏಳು, ಬಟ್ಟೆ ಕೊಡವಿಕೋ. ಅಮ್ಮ ಊಟಕ್ಕೆ ಕಾಯ್ತಿದಾಳೆ.”

ಅವರ ಕೈಕೆಳಗೆ ಅಂಪೈರಿಂಗ್ ಕಲಿತ ಹದಿನೇಳು ಮಂದಿಯಲ್ಲಿ ನಾನೂ ಒಬ್ಬ. ತಮ್ಮನಾದರೋ ಇಂದು ಹೆಸರಾಂತ ತರಬೇತುದಾರ. ಬರುವ ತಿಂಗಳಿನಿಂದ ಅಕ್ಕ-ತಮ್ಮ ಸೇರಿ ಮಕ್ಕಳಿಗೆ ನಿಯಮ ಕಲಿಸಲಿದ್ದಾರೆ: ಅವರು ಹೇಳುವುದು, ಇವನು ಜಾರಿ ತೋರಿಸುವುದು. ಐವತ್ತು ದಾಟಿದ ಅವನ ಸೊಂಟವೂ, ಅರವತ್ತರ ಅಂಚಿನಲ್ಲಿರುವ ಅವರ ಕಣ್ಣೂ ಬಹುಕಾಲ ಚೆನ್ನಾಗಿರಲಿ. ಅಕ್ಕ ಇನ್ನೂ ನೂರಾರು ಮಕ್ಕಳ ತಪ್ಪು ಹಿಡಿದು, ಅವರನ್ನು ನೆಟ್ಟಗೆ ಮನೆಗೆ ಕಳಿಸುತ್ತಿರಲಿ.